ಭಯ ಇದ್ದರೆ ನಂಬಿಕೆ ಇಲ್ಲ ಅಂತಲಾ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಹಾಸನ ಜಿಲ್ಲೆಯ ಸಹೋದರಿಯೊಬ್ಬರು ಬರೆದಿದ್ದಾರೆ: “ನಮ್ಮ ಮನೆಯವರಿಗೆ ಬೈಪಾಸ್ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಡಾಕ್ಟರು ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಆದರೂ ರಾತ್ರಿ ಎರಡು ಮೂರು ಸಲ ನನಗೆ ಎಚ್ಚರವಾಗುತ್ತದೆ. ಉಸಿರಾಡ್ತಿದ್ದಾರಾ ಅಂತ ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ ಅಂತ ವಾಕ್ಯವೇ ಇದೆ, ಭಯ ಇದ್ದರೆ ನಂಬಿಕೆ ಇಲ್ಲ ಅಂತ ಅರ್ಥ ಎಂದರು ಹಿರಿಯರೊಬ್ಬರು. ಅವತ್ತಿನಿಂದ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಸತ್ಯವೇದದಲ್ಲಿ ‘ಭಯಪಡಬೇಡ’ ಅಂತ 365 ಸಲ ಇದೆಯಂತೆ, ದಿನಕ್ಕೊಂದು. ಅಷ್ಟು ಹೇಳಿದರೂ ಕೇಳದ ನಾನು ಎಂಥ ವಿಶ್ವಾಸಿ?”

ಪ್ರಿಯ ಸಹೋದರಿ,

ನಿಮಗಿರುವುದು ಎರಡು ಭಯ. ಒಂದು ಯಜಮಾನರ ಬಗ್ಗೆ. ಇನ್ನೊಂದು, ‘ನನಗೆ ಭಯ ಇದೆಯಲ್ಲಾ’ ಎಂಬ ಭಯ. ಎರಡನೆಯದನ್ನು ಮೊದಲು ಕೆಳಗಿಳಿಸೋಣ. ಅದನ್ನು ನಿಮ್ಮ ತಲೆ ಮೇಲೆ ಹೊರಿಸಿದ್ದು ಬೇರೆಯವರು.

365ರ ಲೆಕ್ಕ ಬಾಯಿಂದ ಬಾಯಿಗೆ ಬಂದದ್ದು. ಎಣಿಸಿ ನೋಡಿದರೆ ಆ ಮಾತು ಅಷ್ಟು ಸಲ ಸಿಗುವುದಿಲ್ಲ. ಸಿಕ್ಕಷ್ಟು ಕಡೆ ಅದು ಬೈಗುಳವೂ ಅಲ್ಲ. ಕತ್ತಲಲ್ಲಿ ಅಳುವ ಮಗುವಿಗೆ ‘ಹೆದರಬೇಡ ಕಂದಾ, ನಾನಿದ್ದೀನಿ’ ಅನ್ನುವ ತಾಯಿ ಮಗುವನ್ನು ಗದರುತ್ತಿಲ್ಲ ಅಲ್ವಾ?

ಆ ಹಿರಿಯರು ಹೇಳಿದ ವಾಕ್ಯ ಯೋಹಾನನ ಮೊದಲನೆಯ ಪತ್ರದ 4ನೇ ಅಧ್ಯಾಯದ್ದು, 18ನೇ ವಚನ. ದಯವಿಟ್ಟು ಅದರ ಹಿಂದಿನ ಮತ್ತು ಮುಂದಿನ ವಚನಗಳನ್ನೂ ಸೇರಿಸಿ ಓದಿ. 17ರಲ್ಲಿ ಇರುವುದು ನ್ಯಾಯತೀರ್ಪಿನ ದಿನದ ಮಾತು. 18ರಲ್ಲೇ, ಭಯ ಅನ್ನುವುದು ದಂಡನೆಗೆ ಸೇರಿದ್ದು ಅಂತಲೂ ಇದೆ. ಅಂದರೆ ಯೋಹಾನ ಹೇಳುತ್ತಿರುವುದು ದೇವರು ನನ್ನನ್ನು ಶಿಕ್ಷಿಸುತ್ತಾನೆ ಎಂಬ ಭಯದ ವಿಷಯ. ಗಂಡನ ಉಸಿರು ನಿಂತೀತೇನೋ ಎಂಬ ಭಯದ ವಿಷಯವಲ್ಲ. 19ಕ್ಕೆ ಬಂದರೆ, ದೇವರು ಮೊದಲು ನಮ್ಮನ್ನು ಪ್ರೀತಿಸಿದನು ಅಂತಿದೆ. ಭಯ ಓಡಿಸುವುದು ಆ ಪ್ರೀತಿ, ನೀವು ಕಷ್ಟಪಟ್ಟು ಪೂರ್ಣ ಮಾಡಬೇಕಾದ ಪ್ರೀತಿಯಲ್ಲ. ಶಿಕ್ಷೆಯ ಭಯ ಬಿಡಿಸಲು ಬರೆದ ವಾಕ್ಯದಿಂದಲೇ ನಿಮಗೆ ಶಿಕ್ಷೆಯಾಯಿತಲ್ಲ, ಅದು ನನಗೆ ತುಂಬ ನೋವಾದ ಸಂಗತಿ.

ದಾವೀದನನ್ನು ನೋಡಿ. ಗತ್ ಎಂದರೆ ದೈತ್ಯ ಯೋಧ ಗೊಲ್ಯಾತನ ಊರು. ಗೊಲ್ಯಾತನನ್ನು ಕೊಂದವನೇ ಆ ಊರಿನ ಅರಸನಿಗೆ ಬಹಳ ಹೆದರಿದ. ಗಡ್ಡದ ಮೇಲೆ ಜೊಲ್ಲು ಸುರಿಸಿಕೊಂಡು, ಬಾಗಿಲು ಕೆರೆಯುತ್ತಾ ಹುಚ್ಚನ ಹಾಗೆ ನಟಿಸಿದ. ದಾವೀದನ 56ನೇ ಕೀರ್ತನೆಯ ತಲೆಬರಹದಲ್ಲಿ ಅದೇ ಗತ್ ಊರಿನ ಹೆಸರಿದೆ. ಅಲ್ಲಿ ಅವನು ‘ನನಗೆ ಹೆದರಿಕೆಯೇ ಇಲ್ಲ’ ಅನ್ನಲಿಲ್ಲ. ಹೆದರಿಕೆಯಾದಾಗ ನಿನ್ನನ್ನು ಆಶ್ರಯಿಸುತ್ತೇನೆ ಅಂದ. ಭಯವನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತೇವೆ ಅನ್ನುವುದರಲ್ಲಿ ನಂಬಿಕೆ ಇದೆ ಅಂತ ನಾನು ತಿಳಿದಿದ್ದೇನೆ.

ನಿಮ್ಮ ಪತ್ರ ಓದುವಾಗ ಒಂದು ಅಡುಗೆಮನೆ ಕಣ್ಣ ಮುಂದೆ ಬಂತು. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರು, 1956ರ ಜನವರಿ. ಬಸ್ಸಿನಲ್ಲಿ ಕರಿಯರನ್ನು ಬೇರೆ ಕೂರಿಸುವುದರ ವಿರುದ್ಧ ಚಳವಳಿ ನಡೆಯುತ್ತಿತ್ತು. ಅದರ ಮುಂದಾಳು ಸಭಾಪಾಲಕ ಮಾರ್ಟಿನ್ ಲೂಥರ್ ಕಿಂಗ್‌ಗೆ ಆಗ 27 ವರ್ಷ. ಮನೆಯಲ್ಲಿ ಹೆಂಡತಿ, ಎರಡು ತಿಂಗಳ ಮಗಳು. ನಡುರಾತ್ರಿ ಫೋನ್ ಬಂತು: ಊರು ಬಿಡದಿದ್ದರೆ ನಿನ್ನನ್ನೂ ಮನೆಯನ್ನೂ ಉಳಿಸುವುದಿಲ್ಲ ಅಂತ. ಕಿಂಗ್‌ಗೆ ನಿದ್ದೆ ಹತ್ತಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿ ಮಾಡಿದರು. ಕುಡಿಯಲಾಗಲಿಲ್ಲ. ಹೇಡಿ ಅನ್ನಿಸಿಕೊಳ್ಳದೆ ಇದರಿಂದ ಹೊರಗೆ ಹೋಗುವುದು ಹೇಗೆ ಅಂತ ಯೋಚಿಸಿದರಂತೆ. ಇದನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಕೊನೆಗೆ ಮೇಜಿನ ಮೇಲೆ ತಲೆ ಬಗ್ಗಿಸಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು: ನನಗೆ ಭಯವಾಗುತ್ತಿದೆ, ನನ್ನಲ್ಲಿ ಶಕ್ತಿ ಉಳಿದಿಲ್ಲ, ಒಬ್ಬನೇ ಎದುರಿಸಲಾರೆ. ಆಗ ದೇವರು ಪಕ್ಕದಲ್ಲಿದ್ದಾನೆ ಎಂಬುದು ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ ಅನುಭವಕ್ಕೆ ಬಂತು, ಭಯ ಇಳಿಯಿತು ಎಂದು ಬರೆದಿದ್ದಾರೆ.

ಮೂರು ದಿನ ಬಿಟ್ಟು ಜನವರಿ 30ರಂದು ಆ ಮನೆಗೆ ಬಾಂಬ್ ಬಿತ್ತು. ಒಳಗಿದ್ದ ಹೆಂಡತಿ, ಮಗುವಿಗೆ ಏನೂ ಆಗಲಿಲ್ಲ. ಆದರೆ 1968ರಲ್ಲಿ ಕಿಂಗ್ ಗುಂಡಿಗೆ ಬಲಿಯಾದರು. ಇದನ್ನು ಮುಚ್ಚಿಟ್ಟು ನಿಮಗೆ ಅರ್ಧ ಕಥೆ ಹೇಳಲಾರೆ. ‘ನಿಮ್ಮ ಯಜಮಾನರಿಗೆ ಏನೂ ಆಗುವುದಿಲ್ಲ’ ಅಂತ ಬರೆದುಕೊಡುವ ಅಧಿಕಾರ ನನಗಿಲ್ಲ. ಆ ಮೇಜಿನ ಹತ್ತಿರ ಕಿಂಗ್ ಒಬ್ಬರೇ ಇರಲಿಲ್ಲ, ನಿಮ್ಮ ಹಾಸಿಗೆಯ ಪಕ್ಕದಲ್ಲಿ ನೀವೂ ಒಬ್ಬರೇ ಇಲ್ಲ. ಇಷ್ಟನ್ನು ಮನಸಾರೆ ಹೇಳಬಲ್ಲೆ.

ನೀವು ಮಾತು ನಿಲ್ಲಿಸಿದ್ದು ಮಾತ್ರ ಸರಿಯಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ತಮ್ಮ ಸಂಕಟವನ್ನು ಶಿಷ್ಯರ ಮುಂದೆ ಹೇಳಿಕೊಂಡರು. ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿದರು. ಹಾಗಾಗಿ ನಂಬುವ ಒಬ್ಬ ಅಕ್ಕನ ಹತ್ತಿರವೋ ಸಭಾಪಾಲಕರ ಹತ್ತಿರವೋ ಹೇಳಿಕೊಳ್ಳಿ. ಮುಂದಿನ ಸಲ ಚೆಕಪ್‌ಗೆ ಹೋದಾಗ ನೀವೂ ಒಳಗೆ ಹೋಗಿ. ಯಾವ ಲಕ್ಷಣ ಕಂಡರೆ ಓಡಿ ಬರಬೇಕು, ಯಾವುದಕ್ಕೆ ಗಾಬರಿ ಬೇಡ ಅಂತ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ನಿದ್ದೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ. ಎಂಟು ತಿಂಗಳು ಜಾಸ್ತಿಯಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಫೋನ್ ಮಾಡಬಹುದು, ಉಚಿತ. ಸಾಯಬೇಕು ಅಂತ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಬಿಸಿ ರೊಟ್ಟಿ ಮತ್ತು ನೀರು. ಅವನು ಮತ್ತೆ ಮಲಗಿದಾಗ ಬೈಯಲಿಲ್ಲ, ಎಬ್ಬಿಸಿ ಇನ್ನೊಂದು ಸಲ ಊಟಕ್ಕೆ ಕರೆದನು.

ನನ್ನ ತಾಯಿಗೆ ಗುಡುಗು ಅಂದರೆ ಆಗುತ್ತಿರಲಿಲ್ಲ. ಕರೆಂಟ್ ಹೋದ ಕೂಡಲೇ ನಮ್ಮನ್ನೆಲ್ಲ ಹತ್ತಿರ ಎಳೆದುಕೊಂಡು 121ನೇ ಕೀರ್ತನೆ ಹೇಳುತ್ತಿದ್ದರು. ನಿನ್ನನ್ನು ಕಾಯುವಾತನು ತೂಕಡಿಸುವುದಿಲ್ಲ ಎನ್ನುವಾಗ ದನಿ ನಡುಗುತ್ತಿತ್ತು. ನಡುಗುತ್ತಲೇ ಕೊನೆಯವರೆಗೂ ಹೇಳುತ್ತಿದ್ದರು. ಇವತ್ತು ರಾತ್ರಿ ನಿಮ್ಮ ಕೈ ಮೂಗಿನ ಹತ್ತಿರ ಹೋದರೆ ಹೋಗಲಿ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಉಸಿರು ಕೈಗೆ ತಾಗಿದಾಗ ಆ ಒಂದು ಸಾಲು ಹೇಳಿ ಮಲಗಿ.

ನಮ್ಮ ಕಚೇರಿಯ ಬುಧವಾರದ ಪ್ರಾರ್ಥನೆಗೆ ಯಜಮಾನರ ಹೆಸರನ್ನು ಮಾತ್ರ ಬರೆದು ಕಳಿಸಿದ್ದಿರಿ. ಅದರ ಕೆಳಗೆ ನಿಮ್ಮ ಹೆಸರನ್ನೂ ಸೇರಿಸಿದ್ದೇನೆ.

– ಸಂಪಾದಕ