ಜಿಪ್ಸಿಗೆ ಎಸ್ಟೀಮ್ ಇಂಜಿನ್ ಕೂರದಿದ್ದರೆ

ನಿಮ್ಮ 1998ರ ಕಾರ್ಬುರೇಟರ್ ಮಾರುತಿ ಜಿಪ್ಸಿಗೆ ಹಳೆಯ ಮಾರುತಿ ಎಸ್ಟೀಮ್ ಕಾರಿನ ಇಂಜಿನ್ ಕೂರುತ್ತಿಲ್ಲ ಅಂದರೆ, ತೊಂದರೆ ಬಹುಶಃ ಸಂಪ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ಮತ್ತು ಮೌಂಟಿಂಗ್‌ನದ್ದು (ಇಂಜಿನ್ನನ್ನು ಗಾಡಿಗೆ ಹಿಡಿದಿಡುವ ಭಾಗ). ಎರಡೂ 1.3 ಲೀಟರಿನ ಜಿ13 ಇಂಜಿನ್ನೇ. ಆದರೆ ಎಸ್ಟೀಮ್‌ನಲ್ಲಿ ಅದು ಅಡ್ಡಕ್ಕೆ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ.

ಎಸ್ಟೀಮ್ ಇಂಜಿನ್ನಿಗೆ ದುಡ್ಡು ಕೊಡುವ ಮೊದಲು ಅದರ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಬಿಚ್ಚಿಸಿ. ಸಿಲಿಂಡರಿನ ಮೇಲಂಚಿನಲ್ಲಿ ಉಗುರು ಎಳೆಯಿರಿ. ಮೆಟ್ಟಿಲಿನಂತೆ ತಡೆದರೆ ಚೆನ್ನಾಗಿ ಸವೆದಿದೆ ಅಂತಲೇ ಅರ್ಥ. ಮೂಲ ಬೋರ್ (ಸಿಲಿಂಡರಿನ ಒಳ ಅಗಲ) 74 ಮಿ.ಮೀ., ಸವೆದರೆ ಹೆಚ್ಚಾಗುತ್ತದೆ. ಸುಮ್ನೆ ಅಂದಾಜಿಗೆ ಪಿಸ್ಟನ್ ತರಬೇಡಿ, ಅಳತೆ ಮಾಡಿಸಿ ತನ್ನಿ. ಆಮೇಲೆ ಜಿಪ್ಸಿಯದ್ದೇ ಸಂಪ್, ಆಯಿಲ್ ಸ್ಟ್ರೈನರ್ (ಸಂಪ್‌ನೊಳಗಿನ ಆಯಿಲ್ ಜಾಲರಿ), ಮೌಂಟಿಂಗ್ ಬ್ರಾಕೆಟ್ ಹಾಕಿಸಿ. ಇವು ಬೇಕಾಗುವುದರಿಂದ ಜಿಪ್ಸಿಯ ಹಳೆ ಇಂಜಿನ್ ಗುಜರಿಗೆ ಹಾಕಬೇಡಿ.

ಎಸ್ಟೀಮ್ ಇಂಜಿನ್ನಿನಲ್ಲಿ 8 ವಾಲ್ವಿನದ್ದೇ ಹುಡುಕಿ. 16 ವಾಲ್ವಿನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವುದು) ತಂದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಎಲ್ಲಾ ಬೇಕು, ಖರ್ಚು ಜಾಸ್ತಿ. ಇಂಜಿನ್ ನಂಬರ್ ಬದಲಾಗುವುದರಿಂದ ಮೊದಲೇ ಆರ್‌ಟಿಒದಲ್ಲಿ ಒಪ್ಪಿಗೆ ತಗೊಳ್ಳಿ, ಬಿಲ್ ಇಟ್ಟುಕೊಳ್ಳಿ.