ಹಾಸ್ಟೆಲ್‌ನಲ್ಲಿ ಮಕ್ಕಳಿಗೆ ವಾಂತಿಭೇದಿ ಆಗಿತ್ತು. ಸರ್ಕಾರದ ಪೂರ್ತಿ ತನಿಖಾ ವರದಿ ಎಲ್ಲಿ ಸಿಗುತ್ತೆ?

'ತನಿಖೆ ನಡೀತಿದೆ, ಕೊಡಕ್ಕಾಗಲ್ಲ' ಅಂತ ತಾಲ್ಲೂಕು ಆರೋಗ್ಯ ಕಚೇರಿಯಲ್ಲಿ ಹೇಳಿ ಕಳಿಸಿದರು ಅಂತ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ನಿಮ್ಮ ಪ್ರಶ್ನೆಯಲ್ಲಿರುವ 'ಪೂರ್ತಿ ವರದಿ' ಅನ್ನೋ ಮಾತು ಬಿಟ್ಟುಬಿಡಿ. ನಾನು ಎಡವಿದ್ದು ಅಲ್ಲೇ.

ಇಂಥದ್ದೇ ಪ್ರಕರಣದಲ್ಲಿ ನಾನು ಹಾಕಿದ ಮೊದಲ ಆರ್‌ಟಿಐ ಅರ್ಜಿಯಲ್ಲಿ ಇದ್ದದ್ದು ಇಷ್ಟು: 'ವಾಂತಿಭೇದಿಗೆ ಕಾರಣವೇನು, ಹೊಣೆ ಯಾರು, ಸಮಗ್ರ ವರದಿ ನೀಡಿ.' 29ನೇ ದಿನ ಒಂದೇ ಸಾಲಿನ ಉತ್ತರ ಬಂತು: 'ತಾವು ಕೋರಿರುವ ಸಮಗ್ರ ವರದಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.' ಅದು ಸುಳ್ಳಲ್ಲ. ಆ ಹೆಸರಿನ ಕಾಗದ ಅಲ್ಲಿ ಇರಲೇ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಪ್ರಕಾರ ಮಾಹಿತಿ ಅಂದರೆ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ. ಇಲ್ಲದ ಮಾಹಿತಿಯನ್ನು ಹೊಸದಾಗಿ ಸಿದ್ಧಪಡಿಸಿ ಕೊಡುವ ಹೊಣೆ ಅಧಿಕಾರಿಗಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. 'ಕಾರಣವೇನು' ಅನ್ನೋದು ಪ್ರಶ್ನೆ, ದಾಖಲೆಯ ಹೆಸರಲ್ಲ. 'ಹೊಣೆ ಯಾರು' ಅನ್ನೋದಂತೂ ಅಭಿಪ್ರಾಯ ಕೇಳಿದ ಹಾಗೆ. ಮೇಲ್ಮನವಿ ಹಾಕಿದರೂ ಉಪಯೋಗ ಆಗಲಿಲ್ಲ, ಯಾಕಂದರೆ ಮೂಲ ಅರ್ಜಿಯಲ್ಲಿ ಕೇಳದ್ದನ್ನು ಮೇಲ್ಮನವಿಯಲ್ಲಿ ಸೇರಿಸುವ ಹಾಗಿಲ್ಲ. ಎರಡು ತಿಂಗಳ ಮೇಲಾಯಿತು, ಮತ್ತೆ ಮೊದಲಿಂದ ಹೊಸ ಅರ್ಜಿ. ಆ ಎರಡು ತಿಂಗಳೂ ಅದೇ ಅಡುಗೆಮನೆಯಲ್ಲಿ, ಅದೇ ತೊಟ್ಟಿಯ ನೀರಿನಲ್ಲಿ ಮಕ್ಕಳಿಗೆ ಅಡುಗೆ ಆಗ್ತಾನೇ ಇತ್ತು. ನನಗೆ ಇವತ್ತಿಗೂ ಚುಚ್ಚುವುದು ಅದೇ.

ಹಾಗಾಗಿ ಕಾಗದಗಳನ್ನು ಹೆಸರು ಹಿಡಿದು ಕೇಳಿ. ಅವು ಒಂದೇ ಕಚೇರಿಯಲ್ಲಿ ಇರುವುದಿಲ್ಲ ಅನ್ನೋದು ಎರಡನೇ ತೊಡಕು.

ಕಾಯಿಲೆ ಬಿದ್ದವರ ಲೆಕ್ಕವೆಲ್ಲ ಜಿಲ್ಲಾ ಸರ್ವೇಕ್ಷಣಾಧಿಕಾರಿ ಕಚೇರಿಯಲ್ಲಿರುತ್ತದೆ, ಅಂದರೆ ಕಾಯಿಲೆ ಹರಡುವುದರ ಮೇಲೆ ಕಣ್ಣಿಡುವ ಸರ್ಕಾರಿ ಕಾರ್ಯಕ್ರಮವಾದ ಐಡಿಎಸ್‌ಪಿಯ ಜಿಲ್ಲಾ ಘಟಕದಲ್ಲಿ. ಅಲ್ಲಿ ಕೇಳಬೇಕಾದ್ದು: ಔಟ್‌ಬ್ರೇಕ್‌ನ (ಒಮ್ಮೆಗೇ ಹಲವರಿಗೆ ಕಾಯಿಲೆ ಬಂದದ್ದರ) ಪ್ರಥಮ ವರದಿ ಮತ್ತು ಅಂತಿಮ ವರದಿ, ತುರ್ತಾಗಿ ಸ್ಥಳಕ್ಕೆ ಹೋಗುವ ಆರ್‌ಆರ್‌ಟಿ ತಂಡದ ಭೇಟಿ ವರದಿ, ಲೈನ್ ಲಿಸ್ಟ್ ಅಂದರೆ ರೋಗಿಗಳ ಪಟ್ಟಿ, ಮಲದ ಮಾದರಿ ಮತ್ತು ನೀರಿನ ಮಾದರಿಯ ಪ್ರಯೋಗಾಲಯ ವರದಿಗಳು. ಐಡಿಎಸ್‌ಪಿ ಜಾಲತಾಣದ ವಾರದ ಔಟ್‌ಬ್ರೇಕ್ ಪಟ್ಟಿಯಲ್ಲಿ ನಿಮ್ಮ ಜಿಲ್ಲೆಯ ಸಾಲು ಇದೆಯಾ ನೋಡಿ. ಪಟ್ಟಿ ಜಾಲತಾಣಕ್ಕೆ ಬರುವುದು ತಡವಾಗುತ್ತೆ, ಅದಕ್ಕಾಗಿ ಕಾಯಬೇಡಿ. ಸಿಕ್ಕರೆ ಮಾತ್ರ ಅದರ ಗುರುತು ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿ, 'ಯಾವ ಪ್ರಕರಣ ತಿಳಿಯುತ್ತಿಲ್ಲ' ಅನ್ನೋ ಉತ್ತರಕ್ಕೆ ಜಾಗ ಇರಲ್ಲ.

ಊಟದ ಮಾದರಿಯ ಕಾಗದ ಬೇರೆ ಕಡೆ. ಅದು ಆಹಾರ ಸುರಕ್ಷತೆಯ ಜಿಲ್ಲಾ ಅಂಕಿತ ಅಧಿಕಾರಿ ಹತ್ತಿರ ಇರುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು, ಆಹಾರ ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಕೇಳುವಾಗ ವಿಶ್ಲೇಷಕರ ನಮೂನೆ 7ಎ ವರದಿ ಅಂತಲೇ ಬರೆಯಿರಿ. ಜೊತೆಗೆ ಅದು ಲೀಗಲ್ ಸ್ಯಾಂಪಲ್ಲೋ ಬರೀ ಸರ್ವೆ ಸ್ಯಾಂಪಲ್ಲೋ ಅನ್ನೋದು ತಿಳಿಯುವ ಹಾಗೆ ಮಾದರಿ ಸಂಗ್ರಹದ ದಾಖಲೆಯನ್ನೂ ಕೇಳಿ. ಸರ್ವೆ ಸ್ಯಾಂಪಲ್ ಆಗಿದ್ದರೆ ಅದರ ಮೇಲೆ ಮೊಕದ್ದಮೆ ನಡೆಯಲ್ಲ.

ಇಷ್ಟರಲ್ಲಿ ಒಂದೇ ಒಂದು ಕಾಗದ ಆರಿಸಿಕೋ ಅಂದರೆ ನಾನು ಲೈನ್ ಲಿಸ್ಟ್ ಆರಿಸ್ತೀನಿ. ಒಬ್ಬೊಬ್ಬ ರೋಗಿಗೆ ಒಂದು ಸಾಲು: ವಯಸ್ಸು, ಲಿಂಗ, ಲಕ್ಷಣ, ಯಾವಾಗ ಶುರುವಾಯಿತು, ದಾಖಲಾದ ದಿನ. ಶುರುವಾದ ಸಮಯದ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಇಳಿಯಿರಿ. ರಾತ್ರಿ 8ಕ್ಕೆ ಊಟ, 10ರಿಂದ 1 ಗಂಟೆಯೊಳಗೆ ಸಾಲಾಗಿ ವಾಂತಿ ಅಂದರೆ ಹೊರಗೆ ಹೊತ್ತುಗಟ್ಟಲೆ ಇಟ್ಟ ಅನ್ನ ಅಥವಾ ಕೈಯಿಂದ ಸೇರಿದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ ವಿಷದ ಅನುಮಾನ ಬರುತ್ತದೆ. ಮಾರನೇ ದಿನದಿಂದ ಜ್ವರದ ಜೊತೆ ಭೇದಿ ಅಂದರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಡೆ ನೋಡಬೇಕು. ಶುರುವಾದ ದಿನಗಳು ವಾರಪೂರ್ತಿ ಹರಡಿಕೊಂಡಿದ್ದರೆ ಒಂದು ಊಟವನ್ನಷ್ಟೇ ದೂರುವ ಹಾಗಿಲ್ಲ, ನೀರಿನ ತೊಟ್ಟಿ, ಪೈಪ್ ನೋಡಬೇಕು. ಇದು ಪ್ರಯೋಗಾಲಯದ ಪುರಾವೆ ಅಲ್ಲ, ಆದರೆ ಏನನ್ನು ಪರೀಕ್ಷೆಗೆ ಕಳಿಸಬೇಕಿತ್ತು, ಏನನ್ನು ಕಳಿಸಲಿಲ್ಲ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಲೈನ್ ಲಿಸ್ಟ್ ಕೇಳಿದ ಕೂಡಲೇ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ ಅಂತಾರೆ. ಆ ಮಾತಲ್ಲಿ ನ್ಯಾಯ ಇದೆ, ಮಕ್ಕಳ ಹೆಸರು ನಮಗೆ ಬೇಡ. ಅದಕ್ಕೇ ಅರ್ಜಿಯಲ್ಲಿ ನೀವೇ ಬರೆಯಿರಿ: 'ಹೆಸರು, ವಿಳಾಸ, ಫೋನ್ ಸಂಖ್ಯೆ ಮರೆಮಾಡಿ ಕಲಂ 10ರಂತೆ ಉಳಿದ ಭಾಗ ಕೊಡಿ.'

ಇನ್ನು 'ತನಿಖೆ ನಡೀತಿದೆ' ಅನ್ನೋ ಮಾತು. ಅದು 8(1)(ಎಚ್). ಅಲ್ಲಿರುವುದು ತನಿಖೆಗೆ ಅಡ್ಡಿಯಾಗುವ ಮಾಹಿತಿ ಅಂತ, ತನಿಖೆ ಇರುವಾಗಿನ ಎಲ್ಲ ಮಾಹಿತಿ ಅಂತಲ್ಲ. ಹೇಗೆ ಅಡ್ಡಿಯಾಗುತ್ತೆ ಅಂತ ಅಧಿಕಾರಿ ಕಾರಣ ಕೊಡಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಮಗೆ ಅವರು ಬಾಯಲ್ಲಿ ಹೇಳಿ ಕಳಿಸಿದ್ದಾರೆ, ಅದಕ್ಕೆ ಬೆಲೆ ಇಲ್ಲ. ಮತ್ತೆ ಮತ್ತೆ ಕಚೇರಿಗೆ ಅಲೆಯಬೇಡಿ. ಬರವಣಿಗೆಯಲ್ಲಿ ಅರ್ಜಿ ಕೊಟ್ಟರೆ ಮಾತ್ರ ನಿರಾಕರಣೆಯೂ ಬರವಣಿಗೆಯಲ್ಲಿ ಬರುತ್ತದೆ, ಆಗ ಅದನ್ನು ಪ್ರಶ್ನಿಸಬಹುದು.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಐಡಿಎಸ್‌ಪಿಗೆ ಒಂದು, ಅಂಕಿತ ಅಧಿಕಾರಿಗೆ ಇನ್ನೊಂದು, ಹಾಸ್ಟೆಲ್ ನಡೆಸುವ ಇಲಾಖೆಗೆ ಬೇಕಿದ್ದರೆ ಮೂರನೆಯದು. ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್, ಸ್ಪೀಡ್ ಪೋಸ್ಟ್, ರಸೀದಿ ಜೋಪಾನ. ಕಚೇರಿ ತಪ್ಪಿದರೆ 6(3)ರ ಪ್ರಕಾರ 5 ದಿನದಲ್ಲಿ ಅವರೇ ವರ್ಗಾಯಿಸಬೇಕು, ಆದರೆ ಅದನ್ನು ನಂಬಿ ಕೂರಬೇಡಿ, ದಿನ ಹೋಗೋದು ನಿಮ್ಮದು. 30 ದಿನ ದಾಟಿದರೆ ಪ್ರತಿಗಳು ಪುಕ್ಕಟೆ. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಅರ್ಜಿಯ ಕೊನೆಗೆ ಈ ಸಾಲು ಸೇರಿಸಿ: 'ಮೇಲಿನ ಯಾವುದಾದರೂ ದಾಖಲೆ ಸೃಷ್ಟಿಯಾಗದೇ ಇದ್ದಲ್ಲಿ, ಯಾವುದು ಇಲ್ಲ ಎಂದು ಬಿಡಿಬಿಡಿಯಾಗಿ ತಿಳಿಸಿ. ಸದರಿ ಕಡತವನ್ನು ಕಲಂ 2(ಜೆ)ರಂತೆ ಖುದ್ದು ಪರಿಶೀಲಿಸಲು ದಿನಾಂಕ ಕೊಡಿ.'