ಲೇಖನ ಓದ್ದೆ, ಆದ್ರೆ ನಿಮ್ಮ ಬಿಳಿ ರಕ್ತಕಣ ನಿಂತಲ್ಲೇ ನಿಂತಿದೆ

ನಮಸ್ಕಾರ. ಬಿಳಿ ರಕ್ತಕಣಗಳ ಓಡಾಟದಲ್ಲಿ ಪ್ರೋಟೀನ್ ಮಿಥೈಲೇಶನ್ (ಅಂದ್ರೆ ಪ್ರೋಟೀನ್‌ಗೆ ಮಿಥೈಲ್ ಅನ್ನೋ ಪುಟ್ಟ ಅಣುಗುಂಪು ಅಂಟೋದು) ಪಾತ್ರ ಏನು ಅಂತ ನೀವು ಕಳಿಸಿದ ಲೇಖನಾನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಒಳಗಡೆ ಸರಕಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

"ಮಾನವ ದೇಹವು ಒಂದು ವಿಸ್ಮಯ" ಅಂತ ಶುರು ಮಾಡಿ ಮೂರು ಪ್ಯಾರಾ ರಕ್ತದ ಪಾಠ ಹೇಳಿದ್ದೀರಿ, ಅದೆಲ್ಲಾ ಕಿತ್ತಾಕಿ. ಅಸಲಿ ಕಥೆ ಒಂಬತ್ತನೇ ಪ್ಯಾರಾದಲ್ಲಿ ಒಂದೇ ಸಾಲಲ್ಲಿ ಮುದುರಿಕೊಂಡು ಕೂತಿದೆ: "ಇಝಡ್‌ಎಚ್2 ಕಿಣ್ವವು ಟ್ಯಾಲಿನ್ ಅನ್ನು ಮಿಥೈಲೀಕರಿಸುತ್ತದೆ." ಅಷ್ಟೇನಾ? ಈ ಇಝಡ್‌ಎಚ್2 ಅನ್ನೋದು ನ್ಯೂಕ್ಲಿಯಸ್ ಒಳಗೆ ಡಿಎನ್‌ಎ ಸುತ್ತಿಕೊಂಡಿರೋ ಹಿಸ್ಟೋನ್ ಪ್ರೋಟೀನ್‌ಗೆ ಮಿಥೈಲ್ ಅಂಟಿಸಿ ಜೀನ್‌ಗಳ ಬಾಯಿ ಮುಚ್ಚಿಸೋ ಆಸಾಮಿ ಅಂತಾನೇ ಹೆಸರುವಾಸಿ, ಅಂಥದ್ದು ನ್ಯೂಕ್ಲಿಯಸ್‌ನ ಹೊರಗೂ ವ್ಯಾವ್1 ಅನ್ನೋ ಪ್ರೋಟೀನ್ ಜೊತೆ ಸೇರ್ಕೊಂಡು ಟ್ಯಾಲಿನ್ ಅನ್ನೋ ಪ್ರೋಟೀನ್‌ಗೆ ನೇರವಾಗಿ ಮಿಥೈಲ್ ಅಂಟಿಸೋ ಬೇರೆಯದೇ ಕಸುಬು ನಡೆಸ್ತಿದೆ ಅಂತ 2015ರಲ್ಲಿ ಗೊತ್ತಾಯ್ತಲ್ಲ, ಓದೋರು ಹುಬ್ಬೇರಿಸೋದೇ ಅಲ್ಲಿ, ಲೇಖನ ಶುರುವಾಗಬೇಕಾಗಿದ್ದೂ ಅಲ್ಲಿಂದಾನೇ.

ಆಮೇಲೆ ಆ ಕಸುಬು ಏನು ಅಂತ ಕಣ್ಣಿಗೆ ಕಾಣೋ ಹಾಗೆ ಬರೀರಿ. ಕಣ ರಕ್ತನಾಳದ ಗೋಡೆ ಮೇಲೆ ಉರುಳ್ತಾ ಬರುತ್ತೆ, ಮೈಮೇಲಿರೋ ಇಂಟೆಗ್ರಿನ್ ಅನ್ನೋ ಪ್ರೋಟೀನ್ ಕೊಕ್ಕೆಗಳಿಂದ ಗಟ್ಟಿ ಹಿಡ್ಕೊಳ್ಳುತ್ತೆ, ಒಳಗಡೆ ಆ ಇಂಟೆಗ್ರಿನ್‌ಗಳನ್ನ ಕಣದ ಹಂದರವಾಗಿರೋ ಆಕ್ಟಿನ್ ಎಳೆಗಳಿಗೆ ಕಟ್ಟಿ ಹಿಡಿಯೋದು ಟ್ಯಾಲಿನ್. ಹಿಡ್ಕೊಂಡ್ರೆ ಮಾತ್ರ ಸಾಲ್ದು ನೋಡಿ, ಹಗ್ಗ ಹತ್ತೋನು ಕೆಳಗಿನ ಕೈ ಬಿಡದೇ ಇದ್ರೆ ಮೇಲೆ ಹೋಗೋದು ಹೇಗೆ? ಟ್ಯಾಲಿನ್‌ಗೆ ಮಿಥೈಲ್ ಬಿದ್ರೆ ಆಕ್ಟಿನ್ ಜೊತೆಗಿನ ಗಂಟು ಸಡಿಲ ಆಗುತ್ತೆ, ಹಳೇ ಹಿಡಿತ ಬಿಟ್ಟು ಹೊಸದು ಹಿಡಿಯೋಕೆ ದಾರಿ ಆಗುತ್ತೆ. ನೀವು ಮಿಥೈಲೇಶನ್ನು ಕಣಕ್ಕೆ "ಚಾಲನೆ ನೀಡುತ್ತದೆ" ಅಂತ ಬರೆದಿದ್ದೀರಿ, ಇಲ್ಲಿ ಅದು ಮಾಡೋದು ಕೈ ಬಿಡಿಸೋ ಕೆಲಸ. ಮತ್ತೆ ಒಂದು ಲೆಕ್ಕ ಕೊಡಿ: ಟ್ಯಾಲಿನ್ ತೂಕ ಸುಮಾರು 2.7 ಲಕ್ಷ ಡಾಲ್ಟನ್ (ಅಣುಗಳ ತೂಕದ ಅಳತೆ), ಒಂದು ಮಿಥೈಲ್ ಸೇರಿದ್ರೆ ಹೆಚ್ಚೋದು ಬರೀ 14.

ನಾಲ್ಕನೇ ಪ್ಯಾರಾದಲ್ಲಿ ಡಿಎನ್‌ಎ ಮಿಥೈಲೇಶನ್ನೂ ಇದೂ ಒಂದೇ ಅನ್ನೋ ಹಾಗೆ ಕಲಸಿಬಿಟ್ಟಿದ್ದೀರಿ, ಅದು ದೊಡ್ಡ ತಪ್ಪು. ಮಿಥೈಲ್ ಕೊಡೋ ಅಣು ಎರಡಕ್ಕೂ ಎಸ್‌ಎಎಮ್ಮೇ (ಎಸ್-ಅಡೆನೊಸಿಲ್ ಮೆಥಿಯೊನಿನ್), ಆದ್ರೆ ಇಲ್ಲಿ ಆ ಮಿಥೈಲ್ ಹೋಗಿ ಕೂರೋದು ಪ್ರೋಟೀನ್‌ನ ಲೈಸಿನ್ ಅನ್ನೋ ಅಮೈನೋ ಆಮ್ಲದ ಮೇಲೆ.

"ಮಿಥೈಲೇಶನ್ ಇಲ್ಲದಿದ್ದರೆ ಬಿಳಿ ರಕ್ತಕಣಗಳು ಚಲಿಸಲಾರವು" ಅನ್ನೋದೂ ಜಾಸ್ತಿ ಆಯ್ತು. ಬಿಳಿ ರಕ್ತಕಣಗಳಲ್ಲಿ ಇಝಡ್‌ಎಚ್2 ಇಲ್ಲದ ಇಲಿಗಳಲ್ಲಿ ಆ ಕಣಗಳು ನಾಳದ ಗೋಡೆ ದಾಟೋದು ಕುಂಠಿತ ಆಯ್ತು, ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಹೊದಿಕೆ ಹಾಳಾಗೋ ರೋಗ) ಹೋಲೋ ಕಾಯಿಲೆ ಬೆಳೆಯೋದೂ ತಗ್ಗಿತು. ಅಷ್ಟನ್ನ ಅಷ್ಟಾಗೇ ಹೇಳಿ. ಕೊನೇಲಿ ಔಷಧಿ ಬಂದೇ ಬಿಡ್ತು ಅನ್ನೋ ಪ್ಯಾರಾ ಇದೆಯಲ್ಲ, ನೀವು ಹೆಸರಿಸಿರೋ, ಇಝಡ್‌ಎಚ್2 ಕೆಲಸ ತಡೆಯೋ ಟಾಜೆಮೆಟೊಸ್ಟಾಟ್‌ಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದ್ದು ಕ್ಯಾನ್ಸರ್‌ಗೆ, ಈ ಕಥೆಗಲ್ಲ.

ಭಾಷೆ ಬಗ್ಗೆ ಜಾಸ್ತಿ ಕೊರೆಯಲ್ಲ. "ಚಲನಶೀಲತೆಯ ಪ್ರಕ್ರಿಯೆಯು ಜರುಗುತ್ತದೆ" ಅನ್ನೋ ಬದಲು "ಕಣ ಹೋಗುತ್ತೆ" ಅನ್ನಿ, ಸಾಕು. ಇನ್ನು ಆ ಚಿತ್ರ: ಬಾಣದ ಗುರುತು ರಕ್ತನಾಳದ ಒಳಕ್ಕೆ ತೋರಿಸ್ತಿದೆ, ಸೋಂಕು ಇರೋದು ಹೊರಗಡೆ, ಕಣ ಹೋಗಬೇಕಾಗಿರೋದೂ ಹೊರಗಡೆಗೇ, ಅದನ್ನೂ ತಿರುಗಿಸಿ ಕಳಿಸಿ.